ಲಿಫ್ಟಿನಲ್ಲಿ ಹುಷಾರಾಗಿರಬೇಕಾದ್ದು ಹೊಸ್ತಿಲಲ್ಲಿ: ಎತ್ತರದ ಕಟ್ಟಡದಲ್ಲಿ ಇರುವವರಿಗೆ ಒಂದು ಮಾರ್ಗದರ್ಶಿ

ಲಿಫ್ಟಿಗೆ ಹೆದರುವವರನ್ನು ಕೇಳಿ ನೋಡಿ, ಹೆಚ್ಚಿನವರು ಹೇಳುವುದು ಒಂದೇ ಮಾತು: "ರೋಪ್ ಕಿತ್ತುಹೋಗಿ ಕೆಳಗೆ ಬಿದ್ದುಬಿಟ್ಟರೆ?" ಹದಿನೈದು, ಇಪ್ಪತ್ತು ಮಹಡಿ ಮೇಲೆ ಮನೆ ಮಾಡಿದವರಿಗೆ ಈ ಭಯ ಬರುವುದು ಸಹಜವೇ. ಆದರೆ ಲಿಫ್ಟಿನಲ್ಲಿ ಜನರಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಹೀಗಲ್ಲ. ಮುಚ್ಚುವ ಬಾಗಿಲಿಗೆ ಕೈ ಕೊಡುತ್ತಾರೆ. ಮಹಡಿ ಮಧ್ಯೆ ನಿಂತ ಲಿಫ್ಟಿನಿಂದ ಧುಮುಕುತ್ತಾರೆ. ಲಿಫ್ಟ್ ಬಂದಿದೆ ಅಂದುಕೊಂಡು ಖಾಲಿ ಶಾಫ್ಟಿಗೆ, ಅಂದರೆ ಲಿಫ್ಟ್ ಓಡಾಡುವ ಬಾವಿಯಂಥ ಜಾಗಕ್ಕೆ, ಕಾಲಿಡುತ್ತಾರೆ. ಇದೆಲ್ಲ ನಡೆಯುವುದು ಬಾಗಿಲ ಹತ್ತಿರ, ಅಂದರೆ ಹೊಸ್ತಿಲಲ್ಲಿ. ಕ್ಯಾಬಿನ್ ಒಳಗೆ ನಿಂತಿರುವಷ್ಟು ಹೊತ್ತು ನೀವು ಬಹುಮಟ್ಟಿಗೆ ಕ್ಷೇಮ.

ಇದೊಂದು ವಿಷಯ ತಲೆಯಲ್ಲಿ ಕೂತರೆ ಮುಂದಿನ ಎಲ್ಲ ಸಲಹೆಗಳಿಗೂ ಕಾರಣ ತಾನಾಗಿಯೇ ಹೊಳೆಯುತ್ತದೆ.

ಲಿಫ್ಟ್ ಯಾಕೆ ಬೀಳುವುದಿಲ್ಲ

ಎತ್ತರದ ಕಟ್ಟಡಗಳಲ್ಲಿ ಇರುವುದು ಸಾಮಾನ್ಯವಾಗಿ ರೋಪ್ ಮೇಲೆ ಓಡುವ ಲಿಫ್ಟ್. ಉಕ್ಕಿನ ರೋಪುಗಳ ಒಂದು ತುದಿಗೆ ಕ್ಯಾಬಿನ್, ಇನ್ನೊಂದು ತುದಿಗೆ ಕೌಂಟರ್‌ವೇಟ್ ಎನ್ನುವ ಭಾರ. ಮಧ್ಯೆ ಮೋಟಾರಿನ ಚಕ್ರ. ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕೌಂಟರ್‌ವೇಟನ್ನು ಖಾಲಿ ಕ್ಯಾಬಿನ್ನಿನ ತೂಕ ಮತ್ತು ಅದು ಹೊರುವ ಭಾರದ ಶೇಕಡ 40ರಿಂದ 50ರಷ್ಟು ಸೇರಿಸಿ ಮಾಡಿರುತ್ತಾರೆ. ಹಾಗಾಗಿ ಮೋಟಾರು ಪೂರ್ತಿ ಭಾರ ಎತ್ತಬೇಕಿಲ್ಲ, ವ್ಯತ್ಯಾಸವನ್ನಷ್ಟೇ ಎತ್ತಿದರೆ ಸಾಕು.

ರೋಪ್ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಇನ್ನೂ ಜಾಸ್ತಿ ಇರುತ್ತವೆ. ಮೂರು ಅಥವಾ ಹೆಚ್ಚು ರೋಪ್ ಇರುವ ಇಂಥ ಲಿಫ್ಟಿನ ರೋಪುಗಳಿಗೆ, ಹೊರಬೇಕಾದ ಭಾರದ ಕನಿಷ್ಠ 12 ಪಟ್ಟು ಬಲ ಇರಬೇಕು ಎನ್ನುತ್ತದೆ ಯುರೋಪಿನ ಮಾನದಂಡ. ಅಷ್ಟಾಗಿಯೂ ವೇಗ ಮಿತಿ ಮೀರಿತು ಅಂತಿಟ್ಟುಕೊಳ್ಳಿ. ಆಗ ಗವರ್ನರ್ ಎಂಬ ಬೇರೆಯದೇ ಚಕ್ರ ಅದನ್ನು ಗುರುತಿಸುತ್ತದೆ, ಕ್ಯಾಬಿನ್ ಕೆಳಗಿರುವ ಉಕ್ಕಿನ ಹಿಡಿಗಳು ಎರಡೂ ಬದಿಯ ಹಳಿಗಳನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಇದಕ್ಕೆ ಕರೆಂಟ್ ಬೇಕಿಲ್ಲ. ರೋಪ್ ತುಂಡಾದರೂ ಕ್ಯಾಬಿನ್ ಬೀಳದಂತೆ ತಡೆಯುವ ಸಾಧನವನ್ನು ಎಲಿಷಾ ಓಟಿಸ್ 1850ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜನರ ಮುಂದೆಯೇ ರೋಪ್ ಕಡಿಸಿ ತೋರಿಸಿದ್ದರು. ಮನುಷ್ಯರು ಧೈರ್ಯವಾಗಿ ಲಿಫ್ಟ್ ಹತ್ತಲು ಶುರು ಮಾಡಿದ್ದು ಆಮೇಲೆಯೇ.

ಬ್ರೇಕಿನ ಕಥೆಯೂ ಹೀಗೇ. ಕರೆಂಟ್ ಹೋದರೆ ಬ್ರೇಕ್ ಬಿಟ್ಟುಹೋಗುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಆಗುವುದು ಇದಕ್ಕೆ ಉಲ್ಟಾ. ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್, ಬಿಡಿಸುವುದಕ್ಕೆ ಮಾತ್ರ ಕರೆಂಟ್ ಬೇಕು. ಕರೆಂಟ್ ಹೋದ ತಕ್ಷಣ ಸ್ಪ್ರಿಂಗ್ ಒತ್ತಿ ಲಿಫ್ಟ್ ನಿಂತುಬಿಡುತ್ತದೆ. ದಡಕ್ಕನೆ ನಿಂತಾಗ ಎದೆ ಝಲ್ ಎನ್ನುತ್ತದೆ ನಿಜ. ಆದರೆ ಅದು ಕೆಟ್ಟಿದ್ದಲ್ಲ, ಬ್ರೇಕ್ ತನ್ನ ಕೆಲಸ ಮಾಡಿದ್ದು.

ಇನ್ನೊಂದು ಸಂಗತಿ ಗೊತ್ತಿರಲಿ. ಖಾಲಿ ಕ್ಯಾಬಿನ್ನಿಗಿಂತ ಕೌಂಟರ್‌ವೇಟ್ ಭಾರ. ಹಾಗಾಗಿ ಸವೆದ ಬ್ರೇಕ್ ಜಾರಿದರೆ, ಒಬ್ಬರೋ ಇಬ್ಬರೋ ಇರುವ ಲಿಫ್ಟ್ ಇಳಿಯುವುದಿಲ್ಲ, ಮೇಲಕ್ಕೆ ಹೋಗುತ್ತದೆ. ಬಾಗಿಲು ತೆರೆದಿರುವಾಗಲೇ ಹೀಗಾದರೆ? ಹೊಸ ಲಿಫ್ಟುಗಳಲ್ಲಿ ಇದನ್ನು ತಡೆಯುವ ಪ್ರತ್ಯೇಕ ವ್ಯವಸ್ಥೆ ಇದೆ, ಹಳೆಯ ಎಷ್ಟೋ ಲಿಫ್ಟುಗಳಲ್ಲಿ ಇಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲಬೇಡಿ ಎನ್ನುವುದು ಇದಕ್ಕೇ. ಮಾತಾಡುವುದಿದ್ದರೆ ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ.

ಕರೆಯುವಾಗ ಮತ್ತು ಹತ್ತುವಾಗ

ಬಟನ್ ವಿಷಯ ಚಿಕ್ಕದು, ಬೇಗ ಮುಗಿಸೋಣ. ನೀವು ಹೋಗಬೇಕಾದ ದಿಕ್ಕಿನ ಬಾಣ ಒತ್ತಿ. ಲಿಫ್ಟ್ ಎಲ್ಲಿದೆ ಎಂದು ನೋಡಿ ಒತ್ತುವುದಲ್ಲ. ಲಿಫ್ಟ್ ಕೆಳಗಿದೆ, ಮೇಲೆ ಬರಲಿ ಅಂತ ಮೇಲಿನ ಬಾಣ ಒತ್ತಿದರೆ, ಕೆಳಗೆ ಹೋಗಬೇಕಾದ ನೀವು ಸುಮ್ನೆ ಮೇಲಕ್ಕೆ ಹೋಗಿ ಬರುತ್ತೀರಿ. ಎರಡೂ ಒತ್ತಿದರೆ ಒಂದು ಲಿಫ್ಟ್ ಬಂದು ಯಾರೂ ಹತ್ತದೆ ಹೋಗುತ್ತದೆ, ಒಳಗಿದ್ದವರ ಸಮಯ ಹಾಳು. ದೀಪ ಹತ್ತಿದ ಮೇಲೆ ಎಷ್ಟು ಸಲ ಒತ್ತಿದರೂ ಅದು ಬೇಗ ಬರುವುದಿಲ್ಲ.

ಕಾಯುವಾಗ ಮಹಡಿಯ ಬಾಗಿಲಿಗೆ ಒರಗಬೇಡಿ. ಇದನ್ನು ಮಕ್ಕಳಿಗೂ ದೊಡ್ಡವರಿಗೂ ಬಿಡಿಸಿ ಹೇಳಬೇಕು. ಆ ಬಾಗಿಲು ನೋಡಲು ಗೋಡೆಯಷ್ಟೇ ಗಟ್ಟಿ ಅನಿಸುತ್ತದೆ. ಆದರೆ ಅದು ಮೇಲಿನಿಂದ ತೂಗು ಹಾಕಿದ ತಗಡಿನ ಹಲಗೆ. ಕೆಳಗೆ ಹೊಸ್ತಿಲಿನ ಸಣ್ಣ ತೋಡಿನಲ್ಲಿ ಓಡುವ ಪುಟ್ಟ ಗೈಡ್‌ಗಳು ಅದನ್ನು ನೆಟ್ಟಗೆ ಹಿಡಿದಿರುತ್ತವೆ. ಆಟದಲ್ಲೋ ಜಗಳದಲ್ಲೋ ಯಾರಾದರೂ ಜೋರಾಗಿ ಬಂದು ಬಡಿದರೆ, ಅದರಲ್ಲೂ ಗೈಡ್ ಸವೆದಿದ್ದರೆ, ಹಲಗೆಯ ಕೆಳಭಾಗ ಒಳಕ್ಕೆ ಸರಿಯಬಹುದು. ಆಚೆ ಇರುವುದು ಖಾಲಿ ಶಾಫ್ಟ್.

ಬಾಗಿಲು ತೆರೆದ ಮೇಲೆ ಹೀಗೆ ಮಾಡಿ:

1. ಮೊದಲು ಕಣ್ಣು ಕೆಳಗೆ ಹೋಗಲಿ, ಫೋನಿನ ಮೇಲಲ್ಲ. ಕ್ಯಾಬಿನ್ ಇದೆಯಾ? ಅದರ ನೆಲ ಮಹಡಿಗೆ ಸಮವಾಗಿ ನಿಂತಿದೆಯಾ? ಕೈಯಿಂದ ಎಳೆಯುವ ಗ್ರಿಲ್ ಬಾಗಿಲಿನ ಹಳೆಯ ಲಿಫ್ಟಾದರೆ ಇದು ಇನ್ನೂ ಮುಖ್ಯ. ಲಾಕ್ ಕೆಟ್ಟಿದ್ದರೆ ಕ್ಯಾಬಿನ್ ಇಲ್ಲದಿದ್ದರೂ ಬಾಗಿಲು ತೆರೆದುಕೊಳ್ಳಬಹುದು.
2. ಒಳಗಿರುವವರು ಇಳಿಯುವ ತನಕ ಪಕ್ಕಕ್ಕೆ ನಿಲ್ಲಿ.
3. ನೇರವಾಗಿ, ನಿಲ್ಲದೆ ದಾಟಿ.
4. ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿ.

ಮಹಡಿಯ ಅಂಚಿಗೂ ಕ್ಯಾಬಿನ್ ಅಂಚಿಗೂ ಮಧ್ಯೆ ಇರುವ ಸಂದನ್ನು ಒಮ್ಮೆ ಬಗ್ಗಿ ನೋಡಿ. ಸುಮಾರು 3 ಸೆಂಟಿಮೀಟರ್ ಇರುತ್ತದೆ. ಕಣ್ಣಿಗೆ ಏನೂ ಅಲ್ಲ ಅನಿಸುತ್ತದೆ, ಆದರೆ ಊರುಗೋಲಿನ ತುದಿ, ಚೂಪು ಹಿಮ್ಮಡಿಯ ಚಪ್ಪಲಿ, ಮಗುವಿನ ಗಾಡಿಯ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳಲು ಅಷ್ಟು ಸಾಕು. ಗಾಲಿಕುರ್ಚಿಯನ್ನೂ ಮಗುವಿನ ಗಾಡಿಯನ್ನೂ ಓರೆಯಾಗಿ ನುಗ್ಗಿಸದೆ ನೇರವಾಗಿ ದಾಟಿಸಿ. ಓರೆಯಾದರೆ ಚಕ್ರ ತಿರುಗಿ ಸಂದಿಗೆ ಇಳಿಯುತ್ತದೆ. ಮನೆ ಬೀಗದ ಕೈ ಇದೇ ಸಂದಿನಲ್ಲಿ ಬಿದ್ದರೆ ಅದು ಶಾಫ್ಟಿನ ತಳಕ್ಕೆ, ಪಿಟ್‌ಗೆ, ಹೋಗಿರುತ್ತದೆ. ಟೆಕ್ನಿಷಿಯನ್ ಬಂದು ತೆಗೆದುಕೊಡುತ್ತಾರೆ. ನೀವಾಗಲಿ ಸೆಕ್ಯುರಿಟಿಯವರಾಗಲಿ ಪಿಟ್‌ಗೆ ಇಳಿಯುವಂತಿಲ್ಲ.

ಮುಚ್ಚುವ ಬಾಗಿಲಿಗೆ ಕೈ ಕೊಡಬೇಡಿ

ಸ್ವಯಂಚಾಲಿತ ಬಾಗಿಲಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳ ಪರದೆ ಇರುತ್ತದೆ. ಏನಾದರೂ ಅಡ್ಡ ಬಂದರೆ ಬಾಗಿಲು ವಾಪಸ್ ತೆರೆಯುತ್ತದೆ. ಹೆಚ್ಚಿನ ಸಲ ಇದು ಸರಿಯಾಗೇ ಕೆಲಸ ಮಾಡುತ್ತದೆ, ತಕರಾರಿಲ್ಲ. ಆದರೆ ಕಿರಣ ಮತ್ತು ಕಿರಣದ ಮಧ್ಯೆ ಅಂತರವಿದೆ. ದಪ್ಪ ಕೈ ಕಾಣುತ್ತದೆ, ತೆಳ್ಳನೆಯ ದಾರ ಕಾಣದೆ ಹೋಗಬಹುದು. ಬ್ಯಾಗಿನ ಪಟ್ಟಿ, ಶಾಲಿನ ತುದಿ, ಇಯರ್‌ಫೋನ್ ವೈರ್ ಎಲ್ಲ ಇದೇ ಲೆಕ್ಕ.

ಎಲ್ಲಕ್ಕಿಂತ ಅಪಾಯ ನಾಯಿಯ ಕೊರಳಿಗೆ ಕಟ್ಟಿದ ಹಗ್ಗ. ನಾಯಿ ಹೊರಗೆ, ಹಗ್ಗ ಹಿಡಿದವರು ಒಳಗೆ, ಅಥವಾ ನಾಯಿ ಒಳಗೆ, ಅವರು ಹೊರಗೆ. ಬಾಗಿಲು ಮುಚ್ಚಿ ಲಿಫ್ಟ್ ಹೊರಟರೆ ಹಗ್ಗ ಬಿಗಿಯಾಗುತ್ತದೆ. ನಾಯಿಯ ಜೀವಕ್ಕೂ ಅಪಾಯ, ಹಗ್ಗವನ್ನು ಕೈಗೆ ಸುತ್ತಿಕೊಂಡವರ ಬೆರಳಿಗೂ ಅಪಾಯ. ಹಗ್ಗವನ್ನು ಪೂರ್ತಿ ಗಿಡ್ಡ ಮಾಡಿ, ಕೊರಳಪಟ್ಟಿಯನ್ನೇ ಹಿಡಿದು, ನಾಯಿ ನಿಮ್ಮ ಕಾಲಿಗೆ ತಾಗಿಕೊಂಡಿರುವಂತೆ ಒಟ್ಟಿಗೇ ದಾಟಿ. ಕೈಗೆ ಹಗ್ಗ ಸುತ್ತಿಕೊಳ್ಳಲೇಬೇಡಿ. ಪುಟ್ಟ ನಾಯಿಯಾದರೆ ಎತ್ತಿಕೊಂಡುಬಿಡಿ.

ಯಾರೋ ಓಡಿ ಬರುತ್ತಿದ್ದಾರೆ, ಬಾಗಿಲು ತಡೆಯಬೇಕು ಅಂದರೆ ಒಳಗಿನ ಬಾಗಿಲು ತೆರೆಯುವ ಬಟನ್ ಒತ್ತಿ ಹಿಡಿಯಿರಿ. ಹೊರಗಿದ್ದರೆ ಕರೆಯುವ ಬಟನ್ ಒತ್ತಿ. ಕೈ, ಕಾಲು, ಛತ್ರಿ ಯಾವುದೂ ಬೇಡ. ಬಾಗಿಲನ್ನು ತುಂಬ ಹೊತ್ತು ತಡೆದರೆ ಕೆಲವು ಲಿಫ್ಟುಗಳು ಬಜರ್ ಹೊಡೆದು, ಸೆನ್ಸರನ್ನು ಲೆಕ್ಕಿಸದೆ ನಿಧಾನವಾಗಿ ಮುಚ್ಚಲು ಶುರು ಮಾಡುತ್ತವೆ. ಅದು ಕೆಟ್ಟಿದ್ದಲ್ಲ, ಹಾಗೆಯೇ ಮಾಡಿರುವುದು. ಆ ಬಜರ್ ಕೇಳಿದರೆ ದಾರಿ ಬಿಡಿ.

ಮಕ್ಕಳ ಜೊತೆ

ಬೆರಳು ಸಿಕ್ಕುವುದು ಬಾಗಿಲು ಮುಚ್ಚುವಾಗ ಎಂದು ನಾವು ಎಚ್ಚರವಾಗಿರುತ್ತೇವೆ. ಆದರೆ ಪುಟ್ಟ ಮಕ್ಕಳ ಬೆರಳು ತೆರೆಯುವಾಗಲೂ ಸಿಕ್ಕುತ್ತದೆ. ಬಾಗಿಲಿಗೆ ಅಂಗೈ ಒತ್ತಿ ನಿಂತಿರುತ್ತಾರೆ. ಬಾಗಿಲು ಪಕ್ಕಕ್ಕೆ ಸರಿಯುವಾಗ ಕೈಯನ್ನೂ ಜೊತೆಗೆ ಎಳೆದುಕೊಂಡು ಗೋಡೆಯೊಳಗಿನ ಸಂದಿಗೆ ಒಯ್ಯುತ್ತದೆ. ಹಾಗಾಗಿ ಲಿಫ್ಟಿನೊಳಗೆ ಮಗುವಿನ ಜಾಗ ಹಿಂದಿನ ಗೋಡೆಯ ಹತ್ತಿರ, ಕೈ ನಿಮ್ಮ ಕೈಯಲ್ಲಿ.

ಒಳಗೆ ಕುಣಿಯುವುದು ಬೇಡ. ಲಿಫ್ಟ್ ಬೀಳುತ್ತದೆ ಅಂತಲ್ಲ. ಕುಣಿತಕ್ಕೆ ಸುರಕ್ಷಾ ಸಾಧನಗಳು ಎಚ್ಚೆತ್ತು ಲಿಫ್ಟನ್ನು ಮಧ್ಯದಲ್ಲೇ ನಿಲ್ಲಿಸಿಬಿಡಬಹುದು.

ಮಗು ಮೊದಲು ಒಳಗೆ ನುಗ್ಗಿ, ನೀವು ಹೊರಗೇ ಉಳಿದು, ಲಿಫ್ಟ್ ಹೊರಟುಹೋದರೆ ಏನು ಮಾಡಬೇಕು? ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ. ಮಗುವಿಗೆ ಒಂದೇ ಮಾತು ಕಲಿಸಿ: "ಬಾಗಿಲು ತೆರೆದ ಮಹಡಿಯಲ್ಲಿ ಇಳಿದು, ಗೋಡೆ ಪಕ್ಕ ನಿಲ್ಲು. ನಾನು ಬರ್ತೀನಿ." ನೀವು ಮೇಲೆ ಕೆಳಗೆ ಹುಡುಕಿಕೊಂಡು ಓಡಾಡುವ ಮೊದಲು ಲಿಫ್ಟ್ ಎಲ್ಲಿ ನಿಂತಿತು ಎಂದು ಹೊರಗಿನ ಅಂಕಿ ನೋಡಿ, ಸೆಕ್ಯುರಿಟಿಗೆ ಫೋನ್ ಮಾಡಿ. ಇಬ್ಬರೂ ಓಡಾಡಿದರೆ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಅಲಾರ್ಮ್ ಬಟನ್ ಯಾವುದು ಎಂದು ಮಗುವಿಗೆ ತೋರಿಸಿರಿ. ಅಲ್ಲಿಗೆ ಕೈ ಎಟುಕುತ್ತದಾ ಎನ್ನುವುದನ್ನೂ ನೋಡಿ. ಎಟುಕದ ಮಗುವನ್ನು ಒಂಟಿಯಾಗಿ ಲಿಫ್ಟಿನಲ್ಲಿ ಕಳಿಸುವುದೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಭಾರ ಮತ್ತು ಸಾಮಾನು

ಒಳಗಿನ ಫಲಕದಲ್ಲಿ ಎಷ್ಟು ಜನ, ಎಷ್ಟು ಕೆಜಿ ಎಂದು ಬರೆದಿರುತ್ತದೆ. ಒಬ್ಬರಿಗೆ 68 ಅಥವಾ 75 ಕೆಜಿ ಲೆಕ್ಕ ಹಿಡಿಯುವುದು ರೂಢಿ. 68ರ ಲೆಕ್ಕದಲ್ಲಿ 8 ಜನರ ಲಿಫ್ಟ್ ಎಂದರೆ 544 ಕೆಜಿ. ಆದ್ದರಿಂದ ತಲೆ ಎಣಿಸಿದರೆ ಸಾಲದು, ಕೈಯಲ್ಲಿರುವ ಚೀಲಗಳೂ ಭಾರವೇ. ಓವರ್‌ಲೋಡ್ ಬಜರ್ ಹೊಡೆದರೆ ಕೊನೆಗೆ ಹತ್ತಿದವರು ಇಳಿಯಬೇಕು. ಒಳಗೇ ಆಚೆ ಈಚೆ ಸರಿದು ಸೆನ್ಸರನ್ನು ಮೋಸ ಮಾಡಲು ನೋಡಬೇಡಿ.

ಮನೆ ಬದಲಾಯಿಸುವಾಗ ಬೀರು, ಫ್ರಿಜ್ ಸಾಗಿಸಬೇಕಲ್ವಾ? ಸರ್ವಿಸ್ ಲಿಫ್ಟ್ ಇದ್ದರೆ ಅದರಲ್ಲೇ ಹಾಕಿ. ಸೆಕ್ಯುರಿಟಿಗೆ ಮೊದಲೇ ಹೇಳಿದರೆ, ಬೇರೆ ಮಹಡಿಯ ಕರೆಗೆ ಹೋಗದಂತೆ ಲಿಫ್ಟನ್ನು ಬೀಗದ ಕೈಯಿಂದ ಹಿಡಿದಿಡುವ ಸೌಲಭ್ಯ ಹೆಚ್ಚಿನ ಕಡೆ ಇರುತ್ತದೆ. ಬಾಗಿಲಿಗೆ ಇಟ್ಟಿಗೆ, ಕುರ್ಚಿ ಕೊಡುವುದು ಬೇಡ. ಭಾರದ ಸಾಮಾನನ್ನು ಹೊಸ್ತಿಲ ಪಟ್ಟಿಯ ಮೇಲೆ ಇಳಿಸಿ ದಣಿವಾರಿಸಿಕೊಳ್ಳುವುದಂತೂ ಬೇಡವೇ ಬೇಡ. ಪಟ್ಟಿ ಬಗ್ಗಿದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಬಾಗಿಲು ಪೂರ್ತಿ ಮುಚ್ಚಿ ಲಾಕ್ ಬೀಳದಿದ್ದರೆ ಲಿಫ್ಟ್ ಹೊರಡುವುದೇ ಇಲ್ಲ. ಮನೆ ರಿಪೇರಿ ನಡೆಯುವ ಮಹಡಿಯಲ್ಲಿ ಮರಳು, ಜಲ್ಲಿ ಚೂರು ಹೊಸ್ತಿಲಿನ ತೋಡಿನಲ್ಲಿ ಕೂತು ಲಿಫ್ಟ್ ಪದೇ ಪದೇ ಕೈಕೊಡುವುದು ಇದಕ್ಕೇ. ಆ ತೋಡನ್ನು ದಿನವೂ ಒಣ ಬ್ರಷ್‌ನಿಂದ ಗುಡಿಸಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ನೀರು ಸುರಿದು ತೊಳೆಯಬಾರದು.

ಮಧ್ಯದಲ್ಲಿ ನಿಂತುಹೋದರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಿಕ್ಕಿಹಾಕಿಕೊಂಡಾಗ ಆಗುವ ದೊಡ್ಡ ಅನಾಹುತಗಳು ಹೆಚ್ಚಾಗಿ ಕಾದವರಿಗಲ್ಲ, ಹೊರಬರಲು ಅವಸರ ಮಾಡಿದವರಿಗೆ ಆಗುತ್ತವೆ.

1. ಅರ್ಧ ನಿಮಿಷ ಸುಮ್ಮನೆ ನಿಲ್ಲಿ. ಕರೆಂಟ್ ಹೋಗಿದ್ದರೆ ಜನರೇಟರ್ ಶುರುವಾಗಬಹುದು. ಇಲ್ಲವೇ ಎಆರ್‌ಡಿ, ಅಂದರೆ ಬ್ಯಾಟರಿಯಿಂದ ಓಡುವ ರಕ್ಷಣಾ ಸಾಧನ, ಲಿಫ್ಟನ್ನು ಹತ್ತಿರದ ಮಹಡಿಗೆ ನಿಧಾನವಾಗಿ ಒಯ್ದು ಬಾಗಿಲು ತೆರೆಯಬಹುದು.
2. ಏನೂ ಆಗದಿದ್ದರೆ ಬಾಗಿಲು ತೆರೆಯುವ ಬಟನ್ ಒಮ್ಮೆ, ನಂತರ ಯಾವುದಾದರೂ ಮಹಡಿಯ ಬಟನ್ ಒಮ್ಮೆ ಒತ್ತಿ. ಎಲ್ಲವನ್ನೂ ಗುದ್ದಬೇಡಿ.
3. ಗಂಟೆಯ ಚಿತ್ರವಿರುವ ಅಲಾರ್ಮ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಇಂಟರ್‌ಕಾಮ್‌ನಲ್ಲಿ ಯಾರಾದರೂ ಸಿಕ್ಕರೆ ಯಾವ ಬ್ಲಾಕ್, ಯಾವ ಲಿಫ್ಟ್, ಅಂದಾಜು ಯಾವ ಮಹಡಿ, ಎಷ್ಟು ಜನ, ಯಾರಿಗಾದರೂ ಹುಷಾರಿಲ್ಲವಾ ಎನ್ನುವುದನ್ನು ಹೇಳಿ.
4. ಬಾಗಿಲಿನಿಂದ ದೂರ ಸರಿದು, ಬೆನ್ನು ಗೋಡೆಗೆ ಕೊಟ್ಟು ಕೂತುಕೊಳ್ಳಿ. ಫೋನಿನ ಚಾರ್ಜ್ ಉಳಿಸಿ.

ಉಸಿರುಕಟ್ಟುತ್ತದೆ ಎನ್ನುವ ಭಯ ಬೇಡ. ಕ್ಯಾಬಿನ್ ಗಾಳಿ ಹೋಗದ ಡಬ್ಬಿಯಲ್ಲ, ಮೇಲೂ ಕೆಳಗೂ ಗಾಳಿಗೆಂದೇ ಕಿಂಡಿಗಳಿರುತ್ತವೆ. ಫ್ಯಾನ್ ನಿಂತರೆ ಸೆಕೆ ಆಗುತ್ತದೆ, ಗಾಳಿ ಖಾಲಿಯಾಗುವುದಿಲ್ಲ. ಜೊತೆಯಲ್ಲಿ ಯಾರಾದರೂ ಗಾಬರಿಯಾಗಿದ್ದರೆ ಈ ಮಾತನ್ನು ಅವರಿಗೆ ಗಟ್ಟಿಯಾಗಿ ಹೇಳಿ, ನಿಧಾನವಾಗಿ ಉಸಿರು ಬಿಡಲು ಹೇಳಿ.

ಈಗ ಮುಖ್ಯ ವಿಷಯ. ಬಾಗಿಲನ್ನು ಎಳೆದು ತೆರೆಯಬೇಡಿ. ಕ್ಯಾಬಿನ್ ಮಹಡಿಗಿಂತ ಎತ್ತರದಲ್ಲಿ ನಿಂತಿದೆ, ಬಾಗಿಲು ತೆರೆದಿದೆ ಎಂದುಕೊಳ್ಳಿ. ಕಣ್ಣಿಗೆ ಕಾಣುವುದು ಸ್ವಲ್ಪ ಕೆಳಗಿರುವ ಕಾರಿಡಾರ್ ನೆಲ. ಕೂತು ಜಾರಿದರೆ ಆಯ್ತು ಅನಿಸುತ್ತದೆ. ಕಾಣದೇ ಇರುವುದು ಕ್ಯಾಬಿನ್ ತಳಕ್ಕೂ ಆ ನೆಲಕ್ಕೂ ಮಧ್ಯೆ ಬಾಯ್ದೆರೆದಿರುವ ಶಾಫ್ಟ್. ಇದನ್ನು ಮುಚ್ಚಲೆಂದೇ ಕ್ಯಾಬಿನ್ ಹೊಸ್ತಿಲ ಕೆಳಗೆ ಒಂದು ತಗಡು ಇಳಿಬಿಟ್ಟಿರುತ್ತಾರೆ. ಯುರೋಪಿನ ಮಾನದಂಡದಲ್ಲಿ ಅದರ ಉದ್ದ ಕನಿಷ್ಠ 75 ಸೆಂಟಿಮೀಟರ್. ಕ್ಯಾಬಿನ್ ಅದಕ್ಕಿಂತ ಮೇಲೆ ನಿಂತಿದ್ದರೆ ತಗಡಿನ ಕೆಳಗೆ ಜಾಗ ತೆರೆದೇ ಇರುತ್ತದೆ. ಅಂಚಿಗೆ ಕೂತು ಜಾರಿದವರ ದೇಹ ನೆಲ ಮುಟ್ಟುವಾಗ ಹಿಂದಕ್ಕೆ ವಾಲುತ್ತದೆ, ಹಿಂದೆ ಇರುವುದು ಆ ಕಂಡಿ. ಕ್ಯಾಬಿನ್ ಕೆಳಗೆ ನಿಂತಿದ್ದು ನೀವು ಮೇಲಕ್ಕೆ ಹತ್ತಲು ಹೋದರೆ ಇನ್ನೊಂದು ಅಪಾಯ: ಅರ್ಧ ದೇಹ ಹೊರಗಿರುವಾಗ ಲಿಫ್ಟ್ ಚಲಿಸಬಹುದು. ನೀವು ಹತ್ತುತ್ತಿರುವುದು ಮೇಲೆ ಮೆಷಿನ್ ಹತ್ತಿರ ಬ್ರೇಕ್ ಬಿಡಿಸುತ್ತಿರುವ ಟೆಕ್ನಿಷಿಯನ್‌ಗೆ ಗೊತ್ತಿರುವುದಿಲ್ಲ.

ಚಾವಣಿಯ ಮುಚ್ಚಳ ತೆಗೆದು ಮೇಲೆ ಹತ್ತುವುದು ಸಿನಿಮಾದಲ್ಲಿ ಮಾತ್ರ. ನೆಲ ಸಮವಾದಾಗ, ಅಥವಾ ಕರೆಂಟ್ ಪೂರ್ತಿ ತೆಗೆದಿದ್ದೇವೆ, ಈಗ ಬನ್ನಿ ಎಂದು ತರಬೇತಿ ಪಡೆದವರು ಹೇಳಿದಾಗ ಮಾತ್ರ ಹೊರಗೆ ಬನ್ನಿ.

ಹೊರಗಿರುವವರ ಕೆಲಸ ಒಳಗಿದ್ದವರ ಜೊತೆ ಮಾತಾಡುತ್ತಾ ಇರುವುದು, ಲಿಫ್ಟ್ ಕಂಪನಿಗೆ ಫೋನ್ ಮಾಡುವುದು. ಒಳಗೆ ಯಾರಿಗಾದರೂ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಗ್ನಿಶಾಮಕ ದಳವನ್ನೂ ಆಂಬುಲೆನ್ಸನ್ನೂ ತಡಮಾಡದೆ ಕರೆಯಿರಿ. ಬಾಗಿಲು ತೆರೆಯುವ ತ್ರಿಕೋನ ಕೀ ಸಿಕ್ಕ ಸಿಕ್ಕವರ ಕೈಯಲ್ಲಿ ಇರಬಾರದು. ಆ ಕೀ ಕ್ಯಾಬಿನ್ ಇಲ್ಲದ ಮಹಡಿಯ ಬಾಗಿಲನ್ನೂ ತೆರೆಯುತ್ತದೆ. ಗಡಿಬಿಡಿಯಲ್ಲಿ ತೆರೆದು ತಾವೇ ಶಾಫ್ಟಿಗೆ ಬೀಳುವ ಅಪಾಯ ಸಹಾಯಕ್ಕೆ ಬಂದವರಿಗೇ ಹೆಚ್ಚು.

ಬೆಂಕಿ, ಭೂಕಂಪ, ನೀರು

ಬೆಂಕಿ ಬಿದ್ದಾಗ ಲಿಫ್ಟ್ ಬೇಡ ಎಂದು ಎಲ್ಲರಿಗೂ ಗೊತ್ತು, ಯಾಕೆ ಎನ್ನುವುದು ಗೊತ್ತಿಲ್ಲ. ಕರೆಂಟ್ ಹೋಗಬಹುದು, ಅದೊಂದು. ಶಾಫ್ಟ್ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ, ಅದು ಎರಡನೆಯದು. ಮೂರನೆಯದು ಇನ್ನೂ ಕೆಟ್ಟದ್ದು: ಬೆಂಕಿ ಇರುವ ಮಹಡಿಯಲ್ಲೇ ಲಿಫ್ಟ್ ನಿಂತು ಬಾಗಿಲು ತೆರೆದರೆ, ದಟ್ಟ ಹೊಗೆ ಕಿರಣಗಳಿಗೆ ಅಡ್ಡ ಬಂದು ಬಾಗಿಲು ಮತ್ತೆ ಮುಚ್ಚದೇ ಇರಬಹುದು. ಮೆಟ್ಟಿಲೇ ಸರಿ. ಮೆಟ್ಟಿಲು ಇಳಿಯಲಾಗದವರು ಮನೆಯಲ್ಲಿದ್ದರೆ ಅವರನ್ನು ಹೇಗೆ ಇಳಿಸಬೇಕು ಎಂದು ಕಟ್ಟಡದ ನಿರ್ವಹಣೆಯವರ ಜೊತೆ ಇವತ್ತೇ ಮಾತಾಡಿ. ಅಗ್ನಿಶಾಮಕ ಸಿಬ್ಬಂದಿಗೆಂದು ಇರುವ ಲಿಫ್ಟನ್ನು ಅವರು ಮಾತ್ರ ಬಳಸಬೇಕು.

ಲಿಫ್ಟಿನಲ್ಲಿದ್ದಾಗ ಭೂಮಿ ಕಂಪಿಸಿದರೆ ಎಲ್ಲ ಮಹಡಿಯ ಬಟನ್ ಒತ್ತಿ, ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲೇ ಇಳಿಯಿರಿ. ಬೇಸ್‌ಮೆಂಟಿಗೆ ನೀರು ನುಗ್ಗುತ್ತಿದ್ದರೆ ಲಿಫ್ಟಿನಲ್ಲಿ ಕೆಳಗೆ ಇಳಿಯಲೇಬಾರದು. ಸೆಕ್ಯುರಿಟಿಯವರು ಲಿಫ್ಟನ್ನು ಮೇಲಿನ ಮಹಡಿಯಲ್ಲಿ ಖಾಲಿ ನಿಲ್ಲಿಸಿ ಸ್ವಿಚ್ ತೆಗೆಯಬೇಕು. ಪಿಟ್ ಒಣಗಿ, ಟೆಕ್ನಿಷಿಯನ್ ನೋಡಿದ ಮೇಲೆಯೇ ಮತ್ತೆ ಓಡಿಸಬೇಕು.

ನಿವಾಸಿಗಳು ಗಮನಿಸಬೇಕಾದ್ದು, ಕೇಳಬೇಕಾದ್ದು

ಲಿಫ್ಟ್ ಕೆಡುವ ಮೊದಲು ಸೂಚನೆ ಕೊಡುತ್ತದೆ. ಮಹಡಿಗೆ ಒಂದೆರಡು ಬೆರಳು ಮೇಲೋ ಕೆಳಗೋ ನಿಲ್ಲುವುದು ಅದರಲ್ಲಿ ಮೊದಲನೆಯದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಡವಿ ಬೀಳುವುದಂತೂ ಇದ್ದದ್ದೇ, ಜೊತೆಗೆ ಬ್ರೇಕ್ ಸವೆದಿರುವ ಗುರುತೂ ಇರಬಹುದು. ಬಾಗಿಲು ಮುಚ್ಚಿ ಮುಚ್ಚಿ ತೆರೆಯುವುದು, ಹೊರಡುವಾಗ ಜಗ್ಗುವುದು, ಸುಟ್ಟ ವಾಸನೆ, ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಹೊರಡುವುದು ಎಲ್ಲವನ್ನೂ ತಿಳಿಸಿ. ಕೊನೆಯದನ್ನು ಕಂಡರೆ ಲಿಫ್ಟನ್ನು ಆಗಲೇ ನಿಲ್ಲಿಸಬೇಕು. ಬಾಗಿಲಿನ ಲಾಕ್ ಸ್ವಿಚ್ಚನ್ನು ಯಾರೋ ತಾತ್ಕಾಲಿಕ ರಿಪೇರಿಗೆಂದು ವೈರ್ ಹಾಕಿ ತಪ್ಪಿಸಿರುವ ಸಾಧ್ಯತೆ ಇದೆ.

ನಿರ್ವಹಣೆಯ ಒಪ್ಪಂದ ಇದೆ ಎಂದರೆ ಸಾಲದು. ಪ್ರತಿ ಭೇಟಿಯಲ್ಲಿ ಏನು ನೋಡಿದರು ಎಂದು ಪುಸ್ತಕದಲ್ಲಿ ಬರೆಸಿ. "ಸರ್ವಿಸ್ ಆಯಿತು" ಎಂಬ ಒಂದೇ ಸಾಲು ಒಪ್ಪಬೇಡಿ. ಬ್ರೇಕ್, ರೋಪ್, ಗವರ್ನರ್, ಎಲ್ಲ ಮಹಡಿಗಳ ಬಾಗಿಲು ಲಾಕ್ ಹೆಸರು ಹೆಸರಾಗಿ ಇರಲಿ. ಎಆರ್‌ಡಿ ಬ್ಯಾಟರಿಗೆ ವಯಸ್ಸಾಗುತ್ತದೆ, ಅದನ್ನು ಯಾವಾಗ ಬದಲಾಯಿಸಿದರು ಎಂಬ ದಿನಾಂಕ ಕೇಳಿ. ಟೆಕ್ನಿಷಿಯನ್ ಇದ್ದಾಗಲೇ, ಖಾಲಿ ಲಿಫ್ಟ್ ಓಡುತ್ತಿರುವಾಗ ಮೇನ್ ಸ್ವಿಚ್ ತೆಗೆಸಿ ಎಆರ್‌ಡಿ ನಿಜಕ್ಕೂ ಕೆಲಸ ಮಾಡುತ್ತದಾ ನೋಡಿ.

ಅಲಾರ್ಮ್ ಪರೀಕ್ಷೆಯನ್ನಂತೂ ನೀವೇ ಮಾಡಬಹುದು. ಸೆಕ್ಯುರಿಟಿಯ ಮೇಲ್ವಿಚಾರಕರಿಗೆ ಹೇಳಿ, ತಿಂಗಳಿಗೊಮ್ಮೆ ಬಟನ್ ಒತ್ತಿ. ಹಗಲು ಒಮ್ಮೆ, ಮಧ್ಯರಾತ್ರಿ ಒಮ್ಮೆ. ಯಾರು ಎತ್ತಿದರು, ಎಷ್ಟು ಹೊತ್ತಿಗೆ ಎತ್ತಿದರು, ಮಾತು ಸ್ಪಷ್ಟವಾಗಿ ಕೇಳಿಸಿತಾ ಎನ್ನುವುದು ಅದೇ ಪುಸ್ತಕಕ್ಕೆ ಹೋಗಲಿ. ಯಾರೂ ಎತ್ತದಿದ್ದರೆ ಅವತ್ತೇ ಸರಿಪಡಿಸಿಕೊಳ್ಳಿ, ಅಲ್ಲಿಯವರೆಗೆ ಕ್ಯಾಬಿನ್ ಒಳಗೆ ಕಣ್ಣಿಗೆ ಕಾಣುವಂತೆ ಸೆಕ್ಯುರಿಟಿಯ ಫೋನ್ ನಂಬರ್ ಮತ್ತು ಆ ಲಿಫ್ಟಿನ ನಂಬರ್ ದೊಡ್ಡ ಅಕ್ಷರದಲ್ಲಿ ಅಂಟಿಸಿ.